ಕೇಳಿ ನೋಡಿ: ಈ ಸಲ ಪೂರ್ತಿ ಇಕ್ಕಳದ್ದೇ ಗಲಾಟೆ

ಹೋದ ಸಂಚಿಕೇಲಿ ಒಬ್ಬರು, ಒಲೆ ಮೇಲಿಂದ ಬಿಸಿ ಪಾತ್ರೆ ಇಳಿಸೋಕೆ ಬಳಸ್ತೀವಲ್ಲ ಆ ಸಾಮಾನಿಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದ್ರು. ಪುಟದಲ್ಲಿ ಜಾಗ ಇರ್ಲಿಲ್ಲ, "ಇಕ್ಕಳ" ಅಂತ ಒಂದೇ ಪದ ಬರೆದು ಮುಗಿಸಿಬಿಟ್ಟೆ. ತಪ್ಪಾಯ್ತು ನೋಡಿ. ಆಮೇಲೆ ಬಂದ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಇಕ್ಕಳದ್ದೇ! ಒಬ್ಬರು ಸಾಂಡಸಿ ಅಂತಾರೆ, ಇನ್ನೊಬ್ಬರು ಏಡಿ ಫೋಟೋ ಕಳಿಸಿದಾರೆ, ಮತ್ತೊಬ್ಬರು ನಾನು ಹುಟ್ಟಿದ್ದೇ ಇಕ್ಕಳ ಹಾಕಿ ಅಂತ ಬರೆದಿದಾರೆ. ಸರಿ, ಈ ಸಲ ಬೇರೆ ಪ್ರಶ್ನೆ ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ಮುಗಿಸೋಣ.

ಅಕ್ಕಾರ, ನೀವು ಇಕ್ಕಳ ಅಂದ್ರಿ. ನಮ್ಮ ಮನ್ಯಾಗ ಅದಕ್ಕ ಸಾಂಡಸಿ ಅಂತೀವಿ, ಫುಲ್ಕಾ ಬೆಂಕಿ ಮ್ಯಾಲ ಹಿಡಿಯೂದಕ್ಕ ಚಿಮಟಾ ಅಂತೀವಿ. ನಮ್ಮ ಸೊಸಿ ಮೈಸೂರು ಕಡೇಕಿ, ಆಕಿ ಎರಡಕ್ಕೂ ಇಕ್ಕಳ ಅಂತಾಳ. ಯಾರ್ದು ಖರೇ? (ಓದುಗರು, ಧಾರವಾಡ)

ಅಮ್ಮಾ, ಅತ್ತೆ ಸೊಸೆ ಮಧ್ಯೆ ನನ್ನ ಇಕ್ಕಳಕ್ಕೆ ಸಿಗಿಸ್ತಾ ಇದೀರಲ್ಲ! ಸಾಂಡಸಿನೂ ಸರಿ, ಇಕ್ಕಳಾನೂ ಸರಿ, ಒಂದೇ ಸಾಮಾನಿಗೆ ಎರಡು ಊರಿನ ಹೆಸರು. ಆದ್ರೆ ಚಿಮಟ ಬೇರೆ ಇಕ್ಕಳ ಬೇರೆ ಅನ್ನೋ ವಿಷಯದಲ್ಲಿ ನಾನು ನಿಮ್ಮ ಪಾರ್ಟಿ, ಸೊಸೆಗೆ ಬೇಜಾರಾಗದ ಹಾಗೆ ಹೇಳಿ.

ಎರಡನ್ನೂ ಕೈಗೆ ತಗೊಂಡು ನೋಡಿ. ಇಕ್ಕಳಕ್ಕೆ ನಡುವೆ ಒಂದು ಮೊಳೆ ಇರುತ್ತೆ, ಎರಡು ತೋಳು ಆ ಮೊಳೆ ಹತ್ರ ಒಂದರ ಮೇಲೊಂದು ಹಾದು ಹೋಗುತ್ತೆ, ನೀವು ಈ ಕಡೆ ಅಮುಕಿದ್ರೆ ಆ ಕಡೆ ಬಾಯಿ ಮುಚ್ಚುತ್ತೆ. ಚಿಮಟಕ್ಕೆ ನಡುವೆ ಏನೂ ಇಲ್ಲ, ಒಂದು ಪಟ್ಟಿ ತಗೊಂಡು ಬಗ್ಗಿಸಿದ ಹಾಗೆ, ಜೋಡಣೆ ಹಿಂದುಗಡೆ ಕೊನೇಲಿ. ಇದು ಬರೀ ಆಕಾರದ ವ್ಯತ್ಯಾಸ ಅಲ್ಲ. ಸ್ಕೂಲಲ್ಲಿ ಸನ್ನೆಕೋಲು ಪಾಠ ಓದಿದ್ದು ನೆನಪಿದ್ರೆ, ಕಮ್ಮಾರನ ಇಕ್ಕಳದಲ್ಲಿ ಹಿಡಿ 40 ಸೆಂಟಿಮೀಟರು, ಬಾಯಿ 5 ಸೆಂಟಿಮೀಟರು ಅಂತಿಟ್ಕೊಳ್ಳಿ, ಕೈ ಹಾಕಿದ ಒತ್ತಡ ಬಾಯಲ್ಲಿ ಎಂಟು ಪಟ್ಟಾಗುತ್ತೆ. ಚಿಮಟದಲ್ಲಿ ಇದು ಉಲ್ಟಾ, ಬೆರಳು ಮಧ್ಯದಲ್ಲಿ ಒತ್ತುತ್ತೆ, ತುದಿಗೆ ಹೋಗೋ ಹೊತ್ತಿಗೆ ಒತ್ತಡ ಕಮ್ಮಿಯಾಗಿರುತ್ತೆ. ಅದಕ್ಕೇ ಫುಲ್ಕಾ ಹರಿಯಲ್ಲ, ಹುಬ್ಬಿನ ಕೂದಲು ಕೀಳುವಾಗ ಚರ್ಮ ಕಿತ್ತು ಬರಲ್ಲ. ಪದದಲ್ಲೂ ಇದೇ ಇದೆ ನೋಡಿ, ಚಿಮಟ ಅನ್ನೋದು ಚಿವುಟು, ಚಿಮುಟು ಅನ್ನೋದರ ಮನೆಯದ್ದು, ಎರಡು ಬೆರಳ ತುದಿಯ ಕೆಲಸ. ನಮ್ಮ ತಾತ ಉಡಿದಾರಕ್ಕೆ ಹೆಬ್ಬೆರಳಷ್ಟು ಉದ್ದದ ಒಂದು ಚಿಮಟ ಕಟ್ಕೊಂಡಿರ್ತಿದ್ರು, ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ್ರೆ ಕೂತಲ್ಲೇ ಕೀಳೋಕೆ. ಅದನ್ನ ಯಾರಾದ್ರೂ ಇಕ್ಕಳ ಅಂದಿದ್ರೆ ಅವರು ನಕ್ಕುಬಿಡ್ತಿದ್ರು.

ಅಂದಹಾಗೆ ನಾನು ಆನ್‌ಲೈನಲ್ಲಿ ತರಿಸಿದ ಒಂದು ಇಕ್ಕಳ ಮೂರೇ ತಿಂಗಳಿಗೆ ಮೊಳೆ ಸಡಿಲ ಆಗಿ, ಸಾರಿನ ಪಾತ್ರೆ ಅರ್ಧ ಎತ್ತಿದಾಗ ಬಾಯಿ ಹೊರಳಿ, ಕಟ್ಟೆ ಪೂರ್ತಿ ತಿಳಿಸಾರು. ಆವತ್ತಿಂದ ಅದು ಅಟ್ಟ ಸೇರಿದೆ, ನಾನು ಮತ್ತೆ ಮಸಿಬಟ್ಟೆಗೆ ವಾಪಸ್. ಇಕ್ಕಳ ತಗೊಳ್ಳುವಾಗ ಹಿಡಿ ನೋಡಬೇಡಿ, ಮೊಳೆ ನೋಡಿ.

ಮೇಡಂ, ನಾನು ಆಯುರ್ವೇದ ಓದ್ತಿದೀನಿ. ನಮ್ಮ ಪಾಠದಲ್ಲಿ ಸಂದಂಶ ಯಂತ್ರ ಅಂತ ಬರುತ್ತೆ. ಈ ಸಾಂಡಸಿ ಅದೇನಾ? (ಓದುಗರು, ಉಡುಪಿ)

ಪದ ಅದೇ. ಸಂದಂಶ ಸವೆದು ಸವೆದು ಸಾಂಡಸಿ ಆಗಿದೆ, ಹಿಂದಿಯ ಸಂಡಸಿ, ಮರಾಠಿಯ ಸಾಂಡಶಿ ಎಲ್ಲಾ ಅದರ ಮಕ್ಕಳೇ, ಉತ್ತರ ಕರ್ನಾಟಕಕ್ಕೆ ಮರಾಠಿ ಕಡೆಯಿಂದ ಬಂದ ಹಾಗೆ ಕಾಣುತ್ತೆ. ಸಂಸ್ಕೃತದಲ್ಲಿ ದಂಶ ಅಂದ್ರೆ ಕಚ್ಚೋದು, ಸಂದಂಶ ಅಂದ್ರೆ ಎರಡೂ ಕಡೆಯಿಂದ ಸೇರಿ ಕಚ್ಚೋದು. ಅಂದ್ರೆ ಸಂಸ್ಕೃತದವರು ಈ ಸಾಮಾನಿನಲ್ಲಿ ಹಲ್ಲು ಕಂಡ್ರು, ನಾವು ಏನು ಕಂಡ್ವಿ ಅನ್ನೋದು ಮುಂದಿನ ಪ್ರಶ್ನೇಲಿ ಬರುತ್ತೆ.

ನಿಮಗೆ ಗೊತ್ತಿರೋದನ್ನೇ ಉಳಿದ ಓದುಗರಿಗೋಸ್ಕರ ಹೇಳ್ತೀನಿ. ಹಳೇ ಕಾಲದ ಶಸ್ತ್ರವೈದ್ಯರು ಸುಶ್ರುತರು ಲೆಕ್ಕ ಕೊಡೋ ಯಂತ್ರಗಳು, ಅಂದ್ರೆ ವೈದ್ಯರ ಸಾಮಾನುಗಳು, 101, ಅದರಲ್ಲಿ ಆರು ಜಾತಿ. ಸಂದಂಶ ಎರಡೇ, ಒಂದಕ್ಕೆ ಹಿಡಿತ ಬಿಗಿ ಮಾಡೋ ಕೀಲು ಉಂಟು, ಇನ್ನೊಂದಕ್ಕಿಲ್ಲ, ಎರಡೂ 16 ಅಂಗುಲ (ಇಂಚಲ್ಲ, ಬೆರಳಗಲದ ಅಳತೆ). ಚರ್ಮ, ಮಾಂಸ, ನರದಲ್ಲಿ ಸಿಕ್ಕಿರೋ ಮುಳ್ಳು ಗಿಳ್ಳು ತೆಗೆಯೋಕೆ. ನನಗೆ ಇದಕ್ಕಿಂತ ಮಜಾ ಅನ್ಸೋದು ಸ್ವಸ್ತಿಕ ಯಂತ್ರಗಳು, 18 ಅಂಗುಲದ್ದು, 24 ಥರ, ಅಡ್ಡಡ್ಡ ಹಾದು ಹೋಗೋ ಎರಡು ತೋಳು, ನಡುವೆ ಮಸೂರ ಬೇಳೆ ಆಕಾರದ ಕೀಲು, ಅಂದ್ರೆ ನಮ್ಮ ಅಡುಗೆಮನೆ ಇಕ್ಕಳದ್ದೇ ವಂಶ. ಒಂದೊಂದಕ್ಕೂ ಪ್ರಾಣಿ ಪಕ್ಷಿ ಮುಖದ ಹೆಸರು. ಸಿಂಹದ ಮುಖದ್ದು, ಹುಲಿ ಮುಖದ್ದು, ಕರಡಿ ಮುಖದ್ದು, ಕಾಗೆ ಮುಖದ್ದು... ಇವೆಲ್ಲದರಲ್ಲಿ ಶ್ರೇಷ್ಠ ಯಾವುದು ಅಂದ್ರೆ ಸಿಂಹ ಅಲ್ಲ, ಹುಲಿ ಅಲ್ಲ, ಕಂಕಮುಖ! ಕಂಕ ಅಂದ್ರೆ ಕೊಕ್ಕರೆ ಜಾತಿಯ ಹಕ್ಕಿ. ಯಾಕೆ ಶ್ರೇಷ್ಠ ಅಂದ್ರೆ ಸಲೀಸಾಗಿ ಒಳಗೆ ಹೋಗುತ್ತೆ, ಸಲೀಸಾಗಿ ಹೊರಗೆ ಬರುತ್ತೆ, ಹಿಡಿದಿದ್ದನ್ನ ಬಿಡಲ್ಲ. ಕೆರೆ ಅಂಚಲ್ಲಿ ಕೊಕ್ಕರೆ ಮೀನು ಹಿಡಿಯೋದನ್ನ ಗಂಟೆಗಟ್ಲೆ ನೋಡಿದವರೇ ಬರೆಯೋ ಮಾತು ಇದು.

ಈ ಹೆಸರಿಡೋ ಚಟ ಇನ್ನೂ ಹೋಗಿಲ್ಲ ನೋಡಿ. ಈಗಿನ ಆಪರೇಷನ್ ಥಿಯೇಟರಲ್ಲೂ ಮಸ್ಕಿಟೊ ಫೋರ್ಸೆಪ್ಸ್, ಅಲಿಗೇಟರ್ ಫೋರ್ಸೆಪ್ಸ್ ಅಂತಲೇ ಕೇಳ್ತಾರೆ, ಎಲೆಕ್ಟ್ರಿಷಿಯನ್ ಹತ್ರ ಹೋದ್ರೆ ಕ್ರೊಕೊಡೈಲ್ ಕ್ಲಿಪ್.

ಇನ್ನೊಂದು, ನಿಮ್ಮ ತಂಗಿ ಭರತನಾಟ್ಯ ಕಲೀತಿದಾಳೆ ಅಂತ ಬರೆದಿದೀರಲ್ಲ, ಅವಳನ್ನ ಸಂದಂಶ ಹಸ್ತ ತೋರ್ಸು ಅನ್ನಿ. ಪದ್ಮಕೋಶ ಅನ್ನೋ ಮುದ್ರೆಯ ಬೆರಳುಗಳನ್ನ ಕೂಡಿಸಿ ಬಿಡಿಸಿ ಕೂಡಿಸಿ ಬಿಡಿಸಿ ತೋರಿಸ್ತಾಳೆ. ಹುಳ, ಗಾಯ, ಐದು ಅನ್ನೋ ಸಂಖ್ಯೆ, ಇಂಥದ್ದಕ್ಕೆಲ್ಲ ಅದನ್ನ ಹಿಡೀತಾರೆ. ಇಕ್ಕಳ ಒಂದು ಕುಲುಮೇಲೂ ಉಂಟು, ಆಸ್ಪತ್ರೇಲೂ ಉಂಟು, ರಂಗದ ಮೇಲೂ ಉಂಟು.

ಇಕ್ಕು ಅಂದ್ರೆ ಬಡಿಸು, ಹಾಕು. ಬಿಸಿ ಪಾತ್ರೆ ಇಳಿಸಿ ಇಕ್ಕೋಕೆ ಬಳಸೋದ್ರಿಂದ ಇಕ್ಕಳ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಇನ್ನೊಬ್ಬರು ಇಕ್ಕೆಲ ಇದ್ದ ಹಾಗೆ, ಇ ಅಂದ್ರೆ ಎರಡು ಅಂತಾರೆ. ಯಾವುದು ನಿಜ? ಇಕ್ಕಳಾನೋ ಇಕ್ಕುಳಾನೋ ಅದನ್ನೂ ಹೇಳಿಬಿಡಿ. (ಓದುಗರು, ಬೆಂಗಳೂರು)

ಕೊನೇದು ಮೊದಲು. ಇಕ್ಕಳ, ಇಕ್ಕುಳ ಎರಡೂ ನಿಘಂಟಲ್ಲಿವೆ, ಯಾವುದನ್ನೂ ಯಾರೂ ತಿದ್ದಬೇಕಿಲ್ಲ.

ನಿಮ್ಮ ಮೇಷ್ಟ್ರ ಮಾತು ಕೇಳೋಕೆ ಚೆನ್ನಾಗಿದೆ ಆದ್ರೆ ಇಕ್ಕಳದಿಂದ ಯಾರೂ ಬಡಿಸಲ್ಲ, ಬಡಿಸೋದು ಸೌಟಲ್ಲಿ. ಕಮ್ಮಾರನಿಗಂತೂ ಬಡಿಸೋ ಕೆಲಸವೇ ಇಲ್ಲ, ಅವನಿಗೆ ಬಡಿಯೋ ಕೆಲಸ. ಎರಡು ಅನ್ನೋ ಊಹೆ ಸ್ವಲ್ಪ ಗಟ್ಟಿ, ಇಕ್ಕೆಲ, ಇಬ್ಬರು, ಇಮ್ಮಡಿ ಎಲ್ಲಾ ಆ ಸಾಲಲ್ಲಿ ಬರುತ್ತೆ ನಿಜ. ಆದ್ರೆ ನನ್ನ ಮನಸ್ಸು ವಾಲೋದು ಇಡುಕು ಅನ್ನೋ ಹಳೇ ಕ್ರಿಯಾಪದದ ಕಡೆ. ಇಡುಕು ಅಂದ್ರೆ ಅದುಮು, ಒತ್ತು. ಅದರ ಪಕ್ಕದ ಮನೆಯವನೇ ಇರುಕು, ಬಾಗಿಲ ಸಂದೀಲಿ ಬೆರಳು ಇರುಕ್ತು ಅಂತೀವಲ್ಲ ಅದು, ಕಂಕುಳಲ್ಲಿ ಕೊಡೆ ಇರುಕಿಕೊಂಡು ಹೋದ ಅಂತೀವಲ್ಲ ಅದು. ಅದೇ ಓಣಿಯಲ್ಲಿ ಇಕ್ಕಟ್ಟೂ ಇದೆ. ತಮಿಳಿಗೆ ಹೋಗಿ, ಇಡುಕ್ಕಿ ಅಂದ್ರೆ ಇಕ್ಕಳಾನೇ. ಮಲಯಾಳಕ್ಕೆ ಹೋದ್ರೆ ಇಡುಕ್ಕು ಅಂದ್ರೆ ಕಿರಿದಾದ ಕಣಿವೆ, ಇಕ್ಕಟ್ಟು ಜಾಗ, ಕೇರಳದ ಇಡುಕ್ಕಿ ಜಿಲ್ಲೆಗೆ ಹೆಸರು ಬಂದಿದ್ದು ಅದರಿಂದ.

ಆ ಇಡುಕ್ಕಿ ಅಣೆಕಟ್ಟು ನೀವು ನೋಡಿಲ್ಲ ಅಂದ್ರೆ ಒಂದ್ಸಲ ಹೋಗಿ ಬನ್ನಿ. ಕುರವನ್ ಮಲೆ ಒಂದು ಕಡೆ, ಕುರತ್ತಿ ಮಲೆ ಇನ್ನೊಂದು ಕಡೆ, ಎರಡೂ ಬಂಡೆ ಗುಡ್ಡ, ನಡುವೆ ಪೆರಿಯಾರ್ ಹೊಳೆ. ಆ ಸಂದಿಗೆ 1970ರ ದಶಕದಲ್ಲಿ ಮುಗಿಸಿದ ಕಮಾನು ಅಣೆಕಟ್ಟು, ಎತ್ತರ ಹತ್ರಹತ್ರ 169 ಮೀಟರು. ಕಮಾನು ಅಣೆಕಟ್ಟು ಅಂದ್ರೆ ನೀರು ತಳ್ಳಿದಷ್ಟೂ ಗೋಡೆ ಎರಡು ಗುಡ್ಡಕ್ಕೆ ಒತ್ಕೊಳ್ಳುತ್ತೆ, ಗುಡ್ಡಗಳು ವಾಪಸ್ ಒತ್ತುತ್ತವೆ. ಗೋಡೆ ಮೇಲೆ ನಿಂತು ನನಗನ್ನಿಸಿದ್ದು, ಇದು ಪೂರಾ ಒಂದು ಇಕ್ಕಳ, ಎರಡು ಗುಡ್ಡ ಅದರ ಬಾಯಿ, ಕಾಂಕ್ರೀಟು ನಡುವೆ ಹಿಡಿದ ಕಬ್ಬಿಣ. ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನ್ರಿಗೆ ಹೇಳಿದೆ, ಅವರು ಟೀ ಎಲ್ಲಿ ಸಿಗುತ್ತೆ ಅಂತ ನೋಡ್ತಿದ್ರು.

ಅಂದ್ರೆ ನಮ್ಮ ಕಡೆಯವರು ಈ ಸಾಮಾನಿನಲ್ಲಿ ಕಂಡಿದ್ದು ಹಲ್ಲಲ್ಲ, ಇಕ್ಕಟ್ಟು. ಎರಡು ಕಡೆಯಿಂದ ಒತ್ತಿದ್ರೆ ಅದು ಇಕ್ಕಳ. ಇದೊಂದು ಅಳತೆಗೋಲು ಇಟ್ಕೊಂಡ್ರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನೀವೇ ಹೇಳ್ಕೋಬಹುದು.

ಏಡಿಗೆ ಮುಂದುಗಡೆ ಎರಡು ಇರುತ್ತಲ್ಲ, ಅದಕ್ಕೆ ನಮ್ಮ ಮನೇಲಿ ದೊಡ್ಡ ಕಾಲು ಅಂತೇವೆ. ಮಗಳ ಸೈನ್ಸ್ ಪುಸ್ತಕದಲ್ಲಿ ಇಕ್ಕುಳ ಅಂತಿದೆ. ಪೇಪರಿನಲ್ಲಿ ಒಬ್ಬರು ಏಡಿಯ ಕೊಂಡಿ ಅಂತ ಬರೆದಿದ್ದರು. (ಓದುಗರು, ಕುಂದಾಪುರ)

ದೊಡ್ಡ ಕಾಲು ಅನ್ನೋದೇ ಎಲ್ಲಕ್ಕಿಂತ ಕರೆಕ್ಟು, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಏಡಿಗೆ ಐದು ಜೊತೆ ಕಾಲು, ಮೊದಲನೇ ಜೊತೆ ದಪ್ಪಾಗಿ ತುದಿ ಸೀಳಿ ಹಿಡಿಯೋ ಸಾಮಾನಾಗಿದೆ ಅಷ್ಟೇ, ಅದು ಕೈ ಅಲ್ಲ ಬಾಯಲ್ಲ, ಕಾಲೇ. ಇಕ್ಕುಳ ಅಂದ್ರೂ ತಪ್ಪಿಲ್ಲ, ಎರಡು ಕಡೆಯಿಂದ ಒತ್ತುತ್ತೆ, ಸಿಕ್ಕವನ ಬೆರಳನ್ನ ಕೇಳಿ ಬೇಕಾದ್ರೆ. ಆದ್ರೆ ಒಂದು ಸಣ್ಣ ವ್ಯತ್ಯಾಸ ಇದೆ, ಮಾರ್ಕೆಟ್ಟಿಂದ ತಂದಾಗ ನೋಡಿ. ನಮ್ಮ ಇಕ್ಕಳದಲ್ಲಿ ಎರಡು ತೋಳೂ ಅಲ್ಲಾಡುತ್ತೆ, ಏಡಿದರಲ್ಲಿ ಒಂದೇ ಬೆರಳು ಅಲ್ಲಾಡೋದು, ಇನ್ನೊಂದು ಅಂಗೈಗೆ ಅಂಟಿಕೊಂಡೇ ಇರುತ್ತೆ. ಪ್ಲಂಬರ್ ಹತ್ರ ಇರೋ ಪೈಪ್ ರೆಂಚ್ ಥರ. ದೊಡ್ಡ ಕೆಸರು ಏಡಿ ತಂದ್ರೆ ಇನ್ನೊಂದೂ ಗೊತ್ತಾಗುತ್ತೆ, ಎರಡು ದೊಡ್ಡ ಕಾಲೂ ಒಂದೇ ಸೈಜಲ್ಲ, ಒಂದರಲ್ಲಿ ಹಲ್ಲು ಮೊಂಡ, ಚಿಪ್ಪು ಒಡೆಯೋಕೆ, ಇನ್ನೊಂದು ಸಪೂರ, ಹರಿದು ಕತ್ತರಿಸೋಕೆ. ಸುತ್ತಿಗೆ ಒಂದು ಕೈಲಿ, ಕತ್ತರಿ ಒಂದು ಕೈಲಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಲ್ಲಿ ಗುಂಪಾಗಿ ಇರುತ್ತಲ್ಲ ಪಿಟೀಲು ಏಡಿ, ಅದರ ಗಂಡಿಗೆ ಒಂದು ಕಾಲು ಮೈಯಷ್ಟೇ ದೊಡ್ಡದು, ಅದರಲ್ಲಿ ತಿನ್ನೋಕಾಗಲ್ಲ ಪಾಪ, ಹೆಣ್ಣನ್ನ ಕರೆಯೋಕೆ ಬೀಸ್ತಾ ನಿಂತಿರುತ್ತೆ, ಊಟಕ್ಕೆ ಇನ್ನೊಂದು ಚಿಕ್ಕ ಕಾಲೇ ಗತಿ. ಇದನ್ನ ಇಕ್ಕಳ ಅನ್ನಬೇಕೋ ಬಾವುಟ ಅನ್ನಬೇಕೋ ನೀವೇ ಹೇಳಿ.

ಆದ್ರೆ ಏಡಿಯ ಕೊಂಡಿ? ನಾನಂತೂ ಬರೆಯಲ್ಲ. ಕೊಂಡಿ ಅಂದ್ರೆ ಬಾಗಿದ್ದು, ಕೊಕ್ಕೆ. ಚೇಳಿನ ಕೊಂಡಿ ಬಾಲದ ತುದೀಲಿ ಇರೋದು, ಕುಟುಕೋದು ಅದೇ. ಸರದ ಕೊಂಡಿ, ಸರಪಳಿ ಕೊಂಡಿ, ಈಗ ಇಂಟರ್ನೆಟ್ ಲಿಂಕಿಗೂ ಕೊಂಡಿ ಅಂತ ಬಂದಿದೆ ಮತ್ತೆ ಚೆನ್ನಾಗಿ ಕೂತಿದೆ. ಕೊಂಡಿ ಸಿಗಿಸುತ್ತೆ, ಇಕ್ಕಳ ಒತ್ತುತ್ತೆ. ಚೇಳಿಗೆ ಎರಡೂ ಉಂಟು, ಹಿಂದೆ ಕೊಂಡಿ, ಮುಂದೆ ಇಕ್ಕಳ, ಪೇಪರಿನವರಿಗೆ ಗೊಂದಲ ಆಗೋದು ಅಲ್ಲೇ. ಚೇಳಿನ ಇಕ್ಕಳ ಕಾಲಲ್ಲ, ಅದು ಎಂಟು ಕಾಲಿನ ಮೇಲೆ ಎಕ್ಸ್‌ಟ್ರಾ. ಸಾಮಾನ್ಯವಾಗಿ ಇಕ್ಕಳ ದಪ್ಪ ಇರೋ ದೊಡ್ಡ ಕರಿ ಚೇಳಿಗೆ ವಿಷ ಕಮ್ಮಿ, ಇಕ್ಕಳ ಸಪೂರ ಇರೋ ಸಣ್ಣ ಕೆಂಪು ಚೇಳು ಜೀವ ತೆಗೆಯುವಂಥದ್ದು. ಗಟ್ಟಿ ಹಿಡಿಯೋ ಶಕ್ತಿ ಇದ್ದವನಿಗೆ ವಿಷ ಯಾಕೆ ಬೇಕು ಅಲ್ವಾ. ಹಾಗಂತ ಕುಟುಕಿಸ್ಕೊಂಡು ಇಕ್ಕಳ ಅಳೀತಾ ಕೂರಬೇಡಿ, ಯಾವ ಚೇಳಾದ್ರೂ ಆಸ್ಪತ್ರೆಗೆ ಓಡಿ, ಮಕ್ಕಳಿಗಂತೂ ಒಂದು ನಿಮಿಷಾನೂ ತಡ ಮಾಡಬೇಡಿ.

ಏಡಿ ವಿಷಯ ಬಂದಾಗ ಇದೊಂದು ಪದ ಬಿಡೋಕೆ ಮನಸ್ಸಾಗಲ್ಲ. ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಅಂತ ಒಂದು ಹಳೇ ಪದ ಇದೆ. ಗ್ರೀಕರು ಗಡ್ಡೆ ಸುತ್ತ ಊದಿಕೊಂಡ ರಕ್ತನಾಳ ನೋಡಿ ಏಡಿ ಕಾಲಿನ ಹಾಗಿದೆ ಅಂತ ತಮ್ಮ ಭಾಷೆಯ ಏಡಿ ಹೆಸರನ್ನೇ ಇಟ್ರು, ಲ್ಯಾಟಿನ್ನಿನಲ್ಲಿ ಅದು ಕ್ಯಾನ್ಸರ್ ಆಯ್ತು, ಕರ್ಕಾಟಕ ರಾಶಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಈಗ ಯಾರೂ ಏಡಿಗಂತಿ ಅನ್ನಲ್ಲ, ನಮ್ಮಜ್ಜಿ ಅಂತಿದ್ರು, ಅದೂ ದನಿ ತಗ್ಗಿಸಿ.

ನಾನು ಮಕ್ಕಳ ಕತೆ ಅನುವಾದ ಮಾಡ್ತೀನಿ. ಹುಲಿ, ಹದ್ದು, ಏಡಿ ಮೂರಕ್ಕೂ ಇಂಗ್ಲಿಷಿನಲ್ಲಿ ಕ್ಲಾ ಅಂತ ಒಂದೇ ಪದ. ನಾನು ಹದ್ದಿನ ಇಕ್ಕಳ ಅಂತ ಬರೆದೆ, ಎಡಿಟರ್ ಹೊಡೆದು ಹಾಕಿದ್ರು. (ಓದುಗರು, ಶಿವಮೊಗ್ಗ)

ಎಡಿಟರ್ ಒಳ್ಳೇ ಕೆಲಸ ಮಾಡಿದ್ರು. ಇಂಗ್ಲಿಷಿನಲ್ಲಿ ಒಂದು ಪದ ಇದೆ ಅಂತ ನಾವು ಒಂದೇ ಪದಕ್ಕೆ ಜೋತು ಬೀಳಬೇಕಾ? ಹುಲಿಗೆ ಉಗುರು, ಇಡೀ ಪಾದ ಹೇಳಬೇಕಾದ್ರೆ ಪಂಜ. ಬೆಕ್ಕು, ಹುಲಿ, ಚಿರತೆ ನಡೆಯುವಾಗ ಉಗುರನ್ನ ಒಳಗೆ ಎಳ್ಕೊಂಡಿರುತ್ತೆ, ಅದಕ್ಕೇ ಹೆಜ್ಜೆ ಗುರುತಲ್ಲಿ ಉಗುರು ಕಾಣಲ್ಲ, ಬೇಕಾದಾಗ ಈಚೆ ಬರುತ್ತೆ. ಅದು ಪರಚೋ ಸಾಮಾನು, ಒತ್ತೋ ಸಾಮಾನಲ್ಲ. ಹದ್ದು ಸ್ವಲ್ಪ ಕಷ್ಟ, ಮೂರು ಬೆರಳು ಮುಂದೆ ಒಂದು ಹಿಂದೆ, ಕೋಳಿಮರಿ ಎತ್ತುವಾಗ ನಿಜವಾಗ್ಲೂ ಎರಡು ಕಡೆಯಿಂದ ಅಮುಕುತ್ತೆ, ನನ್ನ ಅಳತೆಗೋಲು ಪ್ರಕಾರ ಇಕ್ಕಳ ಅನ್ನಬಹುದಿತ್ತು. ಆದ್ರೆ ಕಿವಿ ಒಪ್ಪಲ್ಲ, ಹದ್ದಿನ ಉಗುರು ಅಂತಲೇ ಹೇಳಿಕೊಂಡು ಬಂದಿದೀವಿ, ಕಿವಿ ಒಪ್ಪದಿದ್ರೆ ಅಳತೆಗೋಲು ಮುರಿದು ಒಲೆಗೆ ಹಾಕಬೇಕು. ಬಿಡದೇ ಹಿಡಿಯೋ ಹಿಡಿತ ಬೇಕಾದ್ರೆ ಉಡದ ಪಟ್ಟು ಅನ್ನಿ, ಮಕ್ಕಳಿಗೂ ಇಷ್ಟ ಆಗುತ್ತೆ.

ಪಂಜ ಅನ್ನೋದು ಪಾರ್ಸಿ ಕಡೆಯಿಂದ ಬಂದಿದ್ದು, ಐದು ಬೆರಳಿನದ್ದು ಅಂತ ಅರ್ಥ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂಗೆ ಹಿಂದೂಗಳೂ ಸೇರಿ ಮೆರವಣಿಗೆ ಮಾಡ್ತಾರಲ್ಲ ಲೋಹದ ಕೈ, ಪಂಜಾ, ಅದೂ ಇದೇ ಪದ. ಪಂಜಾ ಕುಸ್ತಿಯೂ ಇದೇ. ಉಗುರು ವಿಷಯದಲ್ಲಿ ಒಂದು ಎಚ್ಚರ, ಕತೇಲಿ ಅಜ್ಜ ಮೊಮ್ಮಗನ ಕೊರಳಿಗೆ ಹುಲಿಯುಗುರು ಕಟ್ಟಿದ ಅಂತ ಬರೆಯೋ ಮುಂಚೆ ನೆನಪಿಟ್ಕೊಳ್ಳಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, 2023ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ ಹುಲಿಯುಗುರಿನ ಲಾಕೆಟ್ಟಿಂದ ಎಷ್ಟು ದೊಡ್ಡ ಗಲಾಟೆ ಆಯ್ತು ಗೊತ್ತಲ್ಲ, ಅದೆಷ್ಟು ಜನ ರಾತ್ರೋರಾತ್ರಿ ಸರ ಬಿಚ್ಚಿಟ್ರೋ.

ನಾನು ಎಲೆಕ್ಟ್ರಿಷಿಯನ್ ಸರ್/ಮೇಡಂ. ಕಟಿಂಗ್ ಪ್ಲೇಯರ್‌ಗೆ ಅಚ್ಚ ಕನ್ನಡ ಪದ ಕೊಡಿ, ನಮ್ಮ ಹುಡುಗರಿಗೆ ಕಲಿಸ್ತೀನಿ. (ಓದುಗರು, ತುಮಕೂರು)

ಮೇಡಂ. ಕಲಿಸಬೇಡಿ. ಏಣಿ ಮೇಲೆ ನಿಂತು "ಲೋ ಕಟಿಂಗ್ ಪ್ಲೇಯರ್ ಕೊಡೋ" ಅಂದ್ರೆ ಕೆಳಗಿರೋ ಹುಡುಗ ಸೀದಾ ತೆಗೆದು ಕೊಡ್ತಾನೆ, "ತಂತಿ ಕತ್ತರಿಸುವ ಇಕ್ಕಳ ಕೊಡು" ಅಂದ್ರೆ ಮೇಸ್ತ್ರಿಗೆ ಏನೋ ಆಗಿದೆ ಅಂತ ಮೇಲೆ ನೋಡ್ತಾನೆ. ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಪಾನಾ, ಇವೆಲ್ಲ ಕನ್ನಡವೇ ಆಗಿ ಎಷ್ಟೋ ಕಾಲ ಆಯ್ತು. ಇಂಗ್ಲಿಷಿನವರು ಪ್ಲೇಯರ್ ಅನ್ನೋದೂ ಇಲ್ಲ, ಪ್ಲೈಯರ್ಸ್ ಅಂತಾರೆ, ಹಾಗಾಗಿ ಅದು ನಮ್ಮದೇ ಪದ ಬಿಡಿ. ಆದ್ರೆ ಬಡಗಿಗಳು ಮೊಳೆ ಕೀಳೋದಕ್ಕೆ, ಕಮ್ಮಾರರು ಕಾದ ಕಬ್ಬಿಣ ಹಿಡಿಯೋದಕ್ಕೆ ಇಕ್ಕಳ ಅಂತಾರಲ್ಲ ಅದನ್ನ ಹಾಗೇ ಉಳಿಸಿಕೊಳ್ಳೋಣ.

ನಿಮ್ಮ ಹುಡುಗರಿಗೆ ಪದದ ಬದಲು ಇದನ್ನ ಕಲಿಸಿ: ಕಟಿಂಗ್ ಪ್ಲೇಯರಲ್ಲಿ ತಂತಿ ಕತ್ತರಿಸೋ ಅಲಗು ಮೂತಿ ತುದೀಲಿ ಇರಲ್ಲ, ಮೊಳೆ ಪಕ್ಕದಲ್ಲೇ ಇರುತ್ತೆ, ಯಾಕೆ ಅಂತ ಕೇಳಿ. ಮೊಳೆಗೆ ಹತ್ರ ಇದ್ದಷ್ಟೂ ಒತ್ತಡ ಜಾಸ್ತಿ. ಧಾರವಾಡದ ಅಮ್ಮನಿಗೆ ಹೇಳಿದ ಲೆಕ್ಕವೇ.

ಇಕ್ಕಳದ ಬಗ್ಗೆ ಬರೆದು ಕೆ.ಎಸ್. ನರಸಿಂಹಸ್ವಾಮಿಯವರ 'ಇಕ್ಕಳ' ಕವಿತೆ ನೆನೆಯದಿದ್ದರೆ ಹೇಗೆ? (ಓದುಗರು, ಮೈಸೂರು)

ಒಪ್ಪಿದೆ ಸ್ವಾಮಿ. ಹೀಗೆ ಮಾಡಿದ್ರೂ ಅಂತಾರೆ, ಹಾಗೆ ಮಾಡಿದ್ರೂ ಅಂತಾರೆ, ಜನದ ಬಾಯಿಗೆ ಸಿಕ್ಕವನ ಪಾಡು, ಅದಕ್ಕೆ ಆ ಶೀರ್ಷಿಕೆಗಿಂತ ಒಳ್ಳೇದು ಇನ್ನೊಂದಿಲ್ಲ. ಇದೇ ಪಾಡಿಗೆ ಮಲೆನಾಡಿನವರು ಅಡಕತ್ತರಿಗೆ ಸಿಕ್ಕಿದ ಅಡಿಕೆ ಅಂತಾರೆ. ಸ್ವಲ್ಪ ಫರಕಿದೆ, ಅಡಕತ್ತರಿಗೆ ಸಿಕ್ಕಿದ್ದು ಎರಡು ಹೋಳಾಗಿ ಬೀಳುತ್ತೆ, ಅಲ್ಲಿಗೆ ಮುಗೀತು. ಇಕ್ಕಳಕ್ಕೆ ಸಿಕ್ಕಿದ್ದು ಹಾಗೇ ಇರುತ್ತೆ, ಮತ್ತೆ ಮತ್ತೆ ಬೆಂಕಿಗೆ ಹೋಗುತ್ತೆ, ಮತ್ತೆ ಮತ್ತೆ ಏಟು ತಿನ್ನುತ್ತೆ.

ಆಂಟಿ, ನಾನು ಎಂಟನೇ ಕ್ಲಾಸು. ಇಕ್ಕಳ ಮಾಡಬೇಕಾದ್ರೆ ಕಾದ ಕಬ್ಬಿಣ ಹಿಡಿಯೋಕೆ ಇಕ್ಕಳ ಬೇಕು. ಹಂಗಾದ್ರೆ ಮೊದಲನೇ ಇಕ್ಕಳ ಹೆಂಗೆ ಮಾಡಿದ್ರು? (ಓದುಗ, ಹಾಸನ)

ಪುಟ್ಟಾ, ಈ ಸಲದ ಬೆಸ್ಟ್ ಪ್ರಶ್ನೆ ನಿಂದೇ. ಇದೇ ಪ್ರಶ್ನೆ ಯಹೂದಿಗಳ ಹಳೇ ಪಂಡಿತರಿಗೂ ಬಂದಿತ್ತು. ಉತ್ತರ ಹೊಳೀಲಿಲ್ಲ ಅನ್ಸುತ್ತೆ, ದೇವರು ಲೋಕ ಸೃಷ್ಟಿ ಮಾಡಿ ಮುಗಿಸೋ ಆರನೇ ದಿನ ಸಂಜೆ ಹೊತ್ತು ಮುಳುಗೋ ಟೈಮಲ್ಲಿ ಗಡಿಬಿಡೀಲಿ ಮಾಡಿದ ಕೆಲವು ಸಾಮಾನುಗಳ ಪಟ್ಟೀಲಿ ಮೊದಲನೇ ಇಕ್ಕಳವನ್ನೂ ಸೇರಿಸಿದ್ರು ಅಂತ ಅವರ ಗ್ರಂಥದಲ್ಲೇ ಬರುತ್ತೆ.

ನಮ್ಮೂರ ಕುಲುಮೆ ಕೇಳಿದ್ರೆ ಇಷ್ಟು ದೂರ ಹೋಗಬೇಕಿರಲಿಲ್ಲ. ಉದ್ದನೇ ಕಂಬಿ ತಗೋ, ಒಂದು ತುದಿ ಕೆಂಡದಲ್ಲಿಡು, ತಿದಿ ಒತ್ತು, ಆ ತುದಿ ಕೆಂಪಗಾದ್ರೂ ಈ ತುದಿ ಕೈಲಿ ಹಿಡಿಯುವಷ್ಟು ತಣ್ಣಗೇ ಇರುತ್ತೆ. ಅಡಿಗಲ್ಲಿನ ಮೇಲಿಟ್ಟು ಬಡಿ, ಅದೊಂದು ತೋಳು. ಅದೇ ಥರ ಇನ್ನೊಂದು. ಮೊಳೆ ತೂತಿಗೆ ಚಾಣ. ಇಕ್ಕಳ ಇಲ್ಲದೇನೇ ಇಕ್ಕಳ ಆಯ್ತು! ಅದಕ್ಕೂ ಮೊದಲು ಹಸಿ ಕಡ್ಡಿ ಬಗ್ಗಿಸಿ ಹಿಡಿದ್ರೂ ಕೆಂಡ ಎತ್ತಬಹುದು, ಹಸಿ ಕಡ್ಡಿ ಹತ್ಕೊಳ್ಳೋಕೆ ಟೈಮ್ ತಗೊಳ್ಳುತ್ತೆ. ಮನೇಲಿ ಟ್ರೈ ಮಾಡಬೇಡ, ಮಾಡಿದ್ರೆ ನನ್ನ ಹೆಸರು ಹೇಳಬೇಡ.

ನಾನು ಹುಟ್ಟಿದ್ದು ಇಕ್ಕಳ ಹಾಕಿ. ಅದಕ್ಕೇ ನಿನ್ನ ತಲೆ ಹೀಗೆ ಅಂತ ಅಣ್ಣ ರೇಗಿಸ್ತಾನೆ. (ಓದುಗರು, ದಾವಣಗೆರೆ)

ಇಕ್ಕಳ ಹಾಕಿದಾಗ ಮಗು ತಲೆ ಮೇಲೆ ಗುರುತು ಬಿದ್ರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಮಾಯ ಆಗುತ್ತೆ, ಅಣ್ಣನಿಗೆ ಬೇರೆ ಕಾರಣ ಹುಡುಕೋಕೆ ಹೇಳಿ. ನಿಮಗೊಂದು ಕತೆ ಹೇಳ್ತೀನಿ, ಅವನ ಮೇಲೆ ಬಳಸಿ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ಚೇಂಬರ್ಲೆನ್ ಅನ್ನೋ ಡಾಕ್ಟರ ಮನೆತನ ಈ ಹೆರಿಗೆ ಇಕ್ಕಳವನ್ನ ನೂರು ವರ್ಷಕ್ಕೂ ಮೇಲೆ ಮನೆ ಗುಟ್ಟಾಗಿ ಇಟ್ಕೊಂಡಿತ್ತು, ದೊಡ್ಡ ಪೆಟ್ಟಿಗೇಲಿ ತರ್ತಿದ್ರಂತೆ, ಯಾರಿಗೂ ತೋರಿಸ್ತಿರಲಿಲ್ಲವಂತೆ. 1813ರಲ್ಲಿ ಅವರ ಹಳೇ ಮನೆಯ ನೆಲದ ಹಲಗೆ ಕೆಳಗೆ ಆ ಇಕ್ಕಳಗಳು ಸಿಕ್ಕಿದ್ವು. ಎಷ್ಟು ತಾಯಂದಿರು, ಮಕ್ಕಳು ಉಳೀಬಹುದಿತ್ತು ಅಂತ ನೆನೆಸ್ಕೊಂಡ್ರೆ ನನಗೆ ಈಗ್ಲೂ ಸಿಟ್ಟು ಬರುತ್ತೆ.

ಮಾಲಲ್ಲಿ ಗ್ಲಾಸ್ ಪೆಟ್ಟಿಗೆ ಒಳಗೆ ಗೊಂಬೆ ತುಂಬಿ, ಮೇಲಿಂದ ಒಂದು ಕೈ ಇಳಿದು ಎತ್ತುತ್ತಲ್ಲ, ಆ ಕ್ಲಾ ಮಷೀನಿಗೆ ಕನ್ನಡದಲ್ಲಿ ಏನನ್ನೋದು? ಮಗ ಅದರಲ್ಲಿ ಮುನ್ನೂರು ರೂಪಾಯಿ ಕಳೆದ. (ಓದುಗರು, ಬೆಂಗಳೂರು)

ಆ ಮಷೀನಿನ ಕೈ ಎಷ್ಟು ಗಟ್ಟಿ ಹಿಡೀಬೇಕು, ಎಷ್ಟು ಸಲಕ್ಕೊಮ್ಮೆ ಗಟ್ಟಿ ಹಿಡೀಬೇಕು ಅನ್ನೋದನ್ನ ಇಟ್ಟವರು ಸೆಟ್ ಮಾಡೋಕೆ ಬರುತ್ತೆ, ಮಗನ ಕೈಚಳಕದ ತಪ್ಪಲ್ಲ, ಬೈಬೇಡಿ. ಹೆಸರು ಮಾತ್ರ ನಮ್ಮಲ್ಲಿ ರೆಡಿ ಇದೆ: ಪಾತಾಳಗರಡಿ.

ಈಗಿನವರು ನೋಡಿರಲ್ಲ. ಬಾವಿಗೆ ಬಿಂದಿಗೆ ಬಿದ್ರೆ ಎತ್ತೋಕೆ ಇದ್ದ ಸಾಮಾನು, ಒಂದು ಕಬ್ಬಿಣದ ಬಳೆ, ಅದರ ಸುತ್ತ ಜೋತುಬಿದ್ದ ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಎರಡು ಮೂರು ಬಾಗಿದ ಮೂತಿ. ನಮ್ಮ ಬೀದೀಲಿ ಅದು ಇದ್ದಿದ್ದು ಒಂದೇ ಮನೇಲಿ. ಬೇಸಿಗೆ ರಜೇಲಿ ಒಂದ್ಸಲ ನನ್ನ ಕೈಯಿಂದ ಹಗ್ಗ ಜಾರಿ ತಾಮ್ರದ ಬಿಂದಿಗೆ ಬಿತ್ತು, ಅಮ್ಮ ಏನೂ ಅನ್ನಲಿಲ್ಲ, "ಹೋಗಿ ಪಾತಾಳಗರಡಿ ಇಸ್ಕೊಂಡು ಬಾ" ಅಂದ್ರು ಅಷ್ಟೇ, ಅದೇ ಶಿಕ್ಷೆ, ಯಾಕಂದ್ರೆ ಕೈಲಿ ಅದನ್ನ ಹಿಡಿದು ಬೀದೀಲಿ ಬಂದ್ರೆ ಬಿಂದಿಗೆ ಬೀಳಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತಾಗ್ತಿತ್ತು. ಪಕ್ಕದ ಮನೆ ಚಿಕ್ಕಪ್ಪ ಹಗ್ಗ ಕಟ್ಟಿ ಇಳಿಸಿದ್ರು, ನೀರು ಕದಡದ ಹಾಗೆ ನಿಧಾನ, ತಳ ಮುಟ್ಟಿದ ಮೇಲೆ ಎರಡು ಬೆರಳಲ್ಲಿ ಹಗ್ಗ ಹಿಡಿದು ಕಿವಿ ಕೊಟ್ಟ ಹಾಗೆ ನಿಂತ್ಕೊಂಡು ಮೆಲ್ಲಗೆ ಸುತ್ತಿಸಿದ್ರು. ಮೊದಲು ಬಂದಿದ್ದು ಯಾರದೋ ಹಳೇ ಬಕೆಟ್ಟಿನ ಹಿಡಿ. ಆಮೇಲೆ ಒಂದು ಚೊಂಬು, ಅದನ್ನ ನೋಡಿ ಎದುರು ಮನೆಯವರು ಓಡಿ ಬಂದ್ರು, ಎರಡು ವರ್ಷದ ಹಿಂದೆ ಕಳೆದಿದ್ದಂತೆ, ಅದಕ್ಕೋಸ್ಕರ ಕೆಲಸದವಳನ್ನ ಬಿಡಿಸಿದ್ರಂತೆ. ಚೊಂಬನ್ನ ಸೆರಗಲ್ಲಿ ಮುಚ್ಚಿಕೊಂಡು ಯಾರ ಮುಖಾನೂ ನೋಡದೆ ಒಳಗೆ ಹೋದ್ರು. ಬಿಂದಿಗೆ ಸಿಕ್ಕಿದ್ದು ಮೂರನೇ ಸಲಕ್ಕೆ.